ನೇರಳಡ್ಕದ ಹನ್ನೊಂದು ಮನೆ

ನೇರಳಡ್ಕ, ಪಂಜ
9-3-2025

ಅಬ್ದುಲ್ ರಹ್ಮಾನನಿಗೆ ಸುಂದರ ಬರೆಯುವುದು.

ಇಪ್ಪತ್ತೆರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷೇಮ ಕೇಳಲಿಕ್ಕೆ ಅಲ್ಲ, ಕೆಲಸ ಬಿದ್ದದ್ದರಿಂದ. ನಿನಗೆ ಎರಡೂ ಕಿವಿ ಹೋಗಿದೆ, ಫೋನು ಮಾಡಿ ಪ್ರಯೋಜನವಿಲ್ಲ ಎಂದು ಮೀನು ತರುವ ಸಲಾಂ ಹೇಳಿದ. ವಿಳಾಸ ಕೊಟ್ಟದ್ದೂ ಅವನೇ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವ, ನನ್ನ ಅಕ್ಷರ ಹೇಗೆಂದು ನಿನಗೆ ಗೊತ್ತು. ಓದಲಾಗದಿದ್ದರೆ ಮೊಮ್ಮಗಳಿಂದ ಓದಿಸು. ನಾವು ತುಳುವಿನಲ್ಲಿ ಬೈದಾಡಿದವರು. ಕನ್ನಡದಲ್ಲಿ ಬರೆಯುವಾಗ ನನ್ನ ಮಾತು ನನಗೇ ಪರರ ಮಾತಿನಂತೆ ಕೇಳುತ್ತದೆ. ಇರಲಿ.

ಇಲ್ಲಿ ಸರಕಾರದವರು ಹುಡುಗ ಹುಡುಗಿಯರಿಗೆ ತರಬೇತಿ ಕೊಡುತ್ತಿದ್ದಾರೆ. ಗುಡ್ಡೆ ಜರಿದರೆ, ಹೊಳೆ ಉಕ್ಕಿದರೆ, ಹೊರಗಿನವರು ಬಂದು ಮುಟ್ಟುವ ತನಕ ಊರಿನವರೇ ಏನು ಮಾಡಬೇಕು ಎಂಬುದು ವಿಷಯ. ಇಪ್ಪತ್ತನಾಲ್ಕು ಮಂದಿ ಇದ್ದಾರೆ. ಕಲಿಸುವವರು ಪುತ್ತೂರಿನ ಭಾವನಾ ಮೇಡಂ, ಮೂವತ್ತು ವರ್ಷ ಆಗಿರಲಿಕ್ಕಿಲ್ಲ. ಮೊದಲ ದಿನ ನಾನು ಸುಮ್ಮನೆ ನೋಡಲಿಕ್ಕೆ ಹೋದೆ. ಮಕ್ಕಳು ಕಟ್ಟಿದ ಹಗ್ಗದ ಗಂಟು ನೋಡಿ ತಡೆಯಲಾಗಲಿಲ್ಲ. ಆ ಗಂಟಿಗೆ ಕರು ಸಹ ನಿಲ್ಲುವುದಿಲ್ಲ ಎಂದು ಬೈದೆ. ಮರುದಿನ ಮೇಡಂ ನನಗೊಂದು ಕುರ್ಚಿ ಹಾಕಿಸಿದರು. ಕುರ್ಚಿಯಲ್ಲಿ ಕೂರಿಸಿದರೆ ಮುದುಕ ಬಾಯಿ ಮುಚ್ಚುತ್ತಾನೆ ಎಂದು ಎಣಿಸಿರಬೇಕು. ಹಾಗೇನೂ ಆಗಲಿಲ್ಲ.

ಈಗ ಅವರು ಊರಿನ ನಕ್ಷೆ ಬರೆಯುತ್ತಿದ್ದಾರೆ. ಯಾವ ಮನೆಯಲ್ಲಿ ನಡೆಯಲಾಗದವರಿದ್ದಾರೆ, ಯಾರಿಗೆ ದಿನಾ ಮಾತ್ರೆ ಬೇಕು, ಗುಡ್ಡೆ ಎಲ್ಲೆಲ್ಲಿ ಒಸರುತ್ತದೆ, ಎಲ್ಲವೂ ಅದರಲ್ಲಿ ಬರುತ್ತದೆ. ನಾನು ನಮ್ಮ ಸುರಂಗದ ವಿಷಯ ಹೇಳಿದೆ. ಅರ್ಧ ಮಂದಿಗೆ ಸುರಂಗ ಎಂದರೆ ರೈಲು ಹೋಗುವ ದಾರಿ. ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ಕೊರೆದು ನೀರು ತರುತ್ತಿದ್ದೆವು, ಈ ತೋಟಗಳೆಲ್ಲ ಆ ನೀರು ಕುಡಿದೇ ಎದ್ದದ್ದು ಎಂದು ವಿವರಿಸಬೇಕಾಯಿತು. ಒಳಗೆ ಕೂತು ಅಗೆದವ ನಾನು, ಮಣ್ಣು ಹೊತ್ತವ ನೀನು ಎಂದೂ ಹೇಳಿದೆ. ಬೋರುಬಾವಿ ಬಂದ ಮೇಲೆ ತೋಟದ ಯಜಮಾನರು ಸುರಂಗದ ಬಾಯಿ ಮುಚ್ಚಿಸಿದರು. ಈಗ ಅದರ ಮೇಲೆ ರಬ್ಬರು, ಬಾಯಿ ಇದ್ದಲ್ಲಿ ರಸ್ತೆ. ಮಳೆಗಾಲದಲ್ಲಿ ಒಳಗೆ ನೀರು ಕಟ್ಟುತ್ತದೆ, ಹೊರಗೆ ಬರಲು ದಾರಿಯಿಲ್ಲ. ಈ ಗುಡ್ಡೆ ಜರಿದರೆ ಸುರಂಗ ಹೋದ ಸಾಲಿನಲ್ಲೇ ಜರಿಯುವುದು.

ಗುಡ್ಡೆಯ ಕೆಳಗೆ ಹನ್ನೊಂದು ಮನೆ, ಮೂವತ್ತೆಂಟು ಜನ. ವಿಷಲ್ ಊದಿದಾಗ ಅವರು ಎಲ್ಲಿಗೆ ಓಡಬೇಕು ಎಂಬುದು ಈಗ ನನ್ನ ಮಾತಿನ ಮೇಲೆ ನಿಂತಿದೆ. ಸುರಂಗ ನೆಟ್ಟಗೆ ಗುಡ್ಡೆಯ ಒಳಗೆ ಹೋಗಿದೆ, ಎಡದ ಮಗ್ಗುಲಲ್ಲಿರುವ ಮುಚ್ಚಿದ ಶಾಲೆಯೇ ಗಟ್ಟಿ ಜಾಗ ಎಂದು ನಾನು ಹೇಳಿದ್ದೇನೆ. ಮೇಡಂ ಇನ್ನೊಬ್ಬರ ಸಾಕ್ಷಿಯೂ ಬೇಕು ಎನ್ನುತ್ತಾರೆ. ನನ್ನೊಬ್ಬನ ಮಾತು ಸಾಲುವುದಿಲ್ಲವಂತೆ. ಬದುಕಿರುವ ಇನ್ನೊಬ್ಬ ನೀನು. ಹೌದು ಎಂದು ಎರಡು ಸಾಲು ಬರೆದು ಹಾಕು. ಬೇರೆ ಏನೂ ಬರೆಯಬೇಕಾಗಿಲ್ಲ.

ಇತಿ,
ಸುಂದರ


ಅರಂತೋಡು
27-3-2025

ಸುಂದರಣ್ಣನಿಗೆ ಅಬ್ದುಲ್ ರಹ್ಮಾನನ ಸಲಾಂ.

ನೀವು ಕ್ಷೇಮ ಕೇಳಲಿಲ್ಲ, ಆದರೂ ಹೇಳುತ್ತೇನೆ. ಕಿವಿ ಹೋದದ್ದು ನಿಜ. ಕಣ್ಣಿಗೆ ಆಪರೇಷನ್ ಆಗಿದೆ, ಅದಕ್ಕೆ ಮೊಮ್ಮಗಳು ನುಸೈಬಾ ಬರೆಯುತ್ತಿದ್ದಾಳೆ. ನಮ್ಮ ಮನೆಯವಳು ಸಫಿಯಮ್ಮ ಹೋಗಿ ನಾಲ್ಕು ವರ್ಷವಾಯಿತು. ನಿಮ್ಮ ಮನೆಯ ಹಲಸಿನ ಹಣ್ಣನ್ನು ಅವಳು ಕೊನೆಯವರೆಗೂ ನೆನೆಸುತ್ತಿದ್ದಳು.

ನೀವು ಹೌದು ಎಂದು ಬರೆಯಲು ಹೇಳಿದ್ದೀರಿ. ಹೌದು ಎಂದು ಬರೆಯಲು ಆಗುವುದಿಲ್ಲ.

ಸುರಂಗದೊಳಗೆ ದೀಪ ನಿಮ್ಮ ಹತ್ತಿರ ಇರುತ್ತಿತ್ತು. ಮಣ್ಣು ಹೊರುವವನಿಗೆ ದೀಪ ಇರಲಿಲ್ಲ. ತಲೆಯ ಮೇಲೆ ಬುಟ್ಟಿ ಇಟ್ಟು, ಬೆನ್ನು ಬಾಗಿಸಿ, ದಿನಕ್ಕೆ ಅರವತ್ತು ಸಲ ಕತ್ತಲೆಯಲ್ಲಿ ಹೋಗಿ ಬರುವವ ಹೆಜ್ಜೆ ಎಣಿಸದಿದ್ದರೆ ಹಣೆ ಒಡೆದುಕೊಳ್ಳುತ್ತಿದ್ದ. ನನಗೆ ನಿಮ್ಮ ಹದಿನಾಲ್ಕು ಸುರಂಗದ ಹೆಜ್ಜೆಯೂ ಬಾಯಿಪಾಠ ಇದೆ. ನೇರಳಡ್ಕದ್ದು ಬಾಯಿಯಿಂದ ಅರವತ್ತೆರಡು ಹೆಜ್ಜೆ ನೆಟ್ಟಗೆ ಹೋಗುತ್ತದೆ. ಅಲ್ಲಿ ಕರಿಬಂಡೆ ಸಿಕ್ಕಿತು, ನೀವು ಎಡಕ್ಕೆ ತಿರುಗಿಸಿದಿರಿ. ಬಂಡೆ ದಾಟಿದ ಮೇಲೆ ಪುನಃ ನೆಟ್ಟಗೆ ಮಾಡಿದೆ ಎಂದು ನೀವು ಹೇಳುತ್ತಿದ್ದಿರಿ. ಆಗಿರಲಿಲ್ಲ. ಅಲ್ಲಿಂದ ಮುಂದೆ ಕೊನೆಯ ತನಕ, ಒಳಗೆ ಹೋಗುವಾಗಲೆಲ್ಲ ನನ್ನ ಬಲಭುಜ ಗೋಡೆಗೆ ಉಜ್ಜುತ್ತಿತ್ತು. ಅಂಗಿ ಹರಿಯುತ್ತಿದ್ದದ್ದೂ ಅದೇ ಬದಿಯಲ್ಲಿ. ಇನ್ನೂ ತೊಂಬತ್ತು ಹೆಜ್ಜೆ ಸುರಂಗ ಎಡಕ್ಕೆ ಬಾಗುತ್ತಲೇ ಹೋಗಿದೆ. ಅದರ ಕೊನೆ ಶಾಲೆಯ ಹಿಂದಿನ ಗುಡ್ಡೆಯಲ್ಲಿದೆ. ಜನರನ್ನು ಶಾಲೆಗೆ ಕಳಿಸಬೇಡಿ.

ಆಗಲೇ ಇದನ್ನು ಹೇಳಿದ್ದೆ. ನೀರು ಸಿಕ್ಕಿತಲ್ಲ, ಇನ್ನು ಎಡವಾದರೆ ಎಂತ, ಬಲವಾದರೆ ಎಂತ ಎಂದಿರಿ.

ಬಾಯಿ ಮುಚ್ಚಿಸಿದ್ದು ಯಜಮಾನರು ಎಂದು ಬರೆದಿದ್ದೀರಿ. ಹೇಳಿದ್ದು ಅವರು, ಕಲ್ಲು ಇಟ್ಟದ್ದು ನೀವು. ಅಡಿಯಲ್ಲಿ ನೀರಿಗೆ ಒಂದು ಪೈಪು ಬಿಡಿ ಎಂದು ನಾನು ಹೇಳಿದಾಗ ನೀವು ಕೊಟ್ಟ ಉತ್ತರ ಇಬ್ಬರಿಗೂ ನೆನಪಿದೆ. ಅದನ್ನು ಈ ಮಗುವಿನ ಕೈಯಲ್ಲಿ ಬರೆಸುವುದಿಲ್ಲ.

ನಿಮ್ಮ
ಅಬ್ದುಲ್ ರಹ್ಮಾನ್

(ಅಜ್ಜ ಹೇಳಿದ್ದನ್ನೇ ಬರೆದಿದ್ದೇನೆ. ನಿಮ್ಮ ಕಾಗದವನ್ನು ಮೂರು ಸಲ ಓದಿಸಿದರು. ಬೈಗುಳ ಇರುವ ಜಾಗದಲ್ಲಿ ನಕ್ಕರು. – ನುಸೈಬಾ)


ನೇರಳಡ್ಕ
8-4-2025

ರಹ್ಮಾನನಿಗೆ,

ನಿನ್ನ ಕಾಗದ ಬಂದು ನಾಲ್ಕು ದಿನ ಆಯಿತು. ಮೊದಲ ದಿನವೇ ಬರೆದಿದ್ದರೆ ಅದನ್ನು ನಿನ್ನ ಮೊಮ್ಮಗಳಿಗೆ ಓದಲಿಕ್ಕೆ ಆಗುತ್ತಿರಲಿಲ್ಲ.

ನಿನ್ನ ಭುಜಕ್ಕೆ ತಾಗಿತು ಎಂದು ಗುಡ್ಡೆಯ ಒಳಗಿನ ಸುರಂಗ ತಿರುಗುವುದಿಲ್ಲ. ಪಿಕ್ಕಾಸು ಹಿಡಿದವ ನಾನು. ಎಲ್ಲಿ ಎಷ್ಟು ಕಡಿದೆ ಎಂಬುದು ನನ್ನ ಕೈಗೆ ಗೊತ್ತು. ನಲ್ವತ್ತು ವರ್ಷದ ಮೇಲೆ ಹೆಜ್ಜೆ ನೆನಪಿದೆ ಎನ್ನುವವನನ್ನು ನಂಬಬೇಕೋ, ಕಡಿದವನನ್ನು ನಂಬಬೇಕೋ?

ಅದೂ ಅಲ್ಲದೆ, ನಾನು ಹನ್ನೊಂದು ಮನೆಗೂ ಹೋಗಿ ಹೇಳಿ ಆಯಿತು. ಸಾಕ್ಷಿ ಬರಲಿ, ಆಮೇಲೆ ಮಕ್ಕಳನ್ನು ಕಳಿಸುತ್ತೇನೆ ಎಂದರು ಮೇಡಂ. ಬೇಡ ಎಂದೆ. ಮಕ್ಕಳು ಕಾಗದ ಹಿಡಿದು ಹೋದರೆ ನಮ್ಮ ಜನ ಚಾ ಕೊಟ್ಟು ಕಳಿಸುತ್ತಾರೆ, ಅಷ್ಟೇ. ನಾನು ಹೋಗಿ ಒಬ್ಬೊಬ್ಬರ ಜಗಲಿಯಲ್ಲಿ ಕೂತು ಹೇಳಿದೆ. ದೇವಕಿಯಕ್ಕನ ನೆನಪುಂಟಲ್ಲ, ನಮಗೆ ಮಧ್ಯಾಹ್ನ ಗಂಜಿ ತಂದು ಕೊಡುತ್ತಿದ್ದವಳು. ಈಗ ಎಪ್ಪತ್ತಾರು. ಮಗ ಧರ್ಮಪಾಲ ರಬ್ಬರ್ ಟ್ಯಾಪಿಂಗಿಗೆ ಬೆಳಿಗ್ಗೆ ಐದಕ್ಕೇ ಹೋಗುತ್ತಾನೆ, ಆ ಹೊತ್ತಿಗೆ ಅವಳೊಬ್ಬಳೇ. ಅವಳಿಗೆ ಬಿಡಿಸಿ ಹೇಳಿದೆ: "ದೇವಕಿಯಕ್ಕ, ವಿಷಲ್ ಕೇಳಿದ ಕೂಡಲೆ ಮಾತ್ರೆ ಚೀಲ ತೆಗೊಂಡು ಶಾಲೆಗೆ ಹೋಗಿ ಕೂರಿ. ಯಾರು ಎಂತ ಹೇಳಿದ್ರೂ ಕೇಳ್ಬೇಡಿ."

"ನೀನು ಹೇಳಿದ ಮೇಲೆ ಬೇರೆಯವರ ಹತ್ರ ಎಂತ ಕೇಳುದು ಸುಂದರ," ಎಂದಳು.

ಇಷ್ಟಾದ ಮೇಲೆ ನಿನ್ನ ಕಾಗದ ಹಿಡಿದುಕೊಂಡು ಪುನಃ ಹನ್ನೊಂದು ಜಗಲಿ ಹತ್ತಬೇಕೋ?

ಸಫಿಯಮ್ಮ ಹೋದದ್ದು ನನಗೆ ಆಗಲೇ ಗೊತ್ತಾಗಿತ್ತು. ಬರಬೇಕಿತ್ತು. ಪಂಜದ ಬಸ್‌ಸ್ಟ್ಯಾಂಡಿನ ತನಕ ಬಂದೆ.

ಸುಂದರ


ನೇರಳಡ್ಕ
20-5-2025

ಅದ್ರಾಮ,

ಹಿಂದೆ ಹಾಗೆ ಕರೆಯುತ್ತಿದ್ದೆ, ಈಗಲೂ ಹಾಗೇ ಬರೆಯುತ್ತೇನೆ.

ಆದದ್ದನ್ನು ಹೇಳುತ್ತೇನೆ. ನಿನ್ನ ಕಾಗದವನ್ನು ತರಬೇತಿಯ ಮೇಜಿನ ಮೇಲೆ ಬಿಸಾಡಿದೆ. ನೋಡಿ, ಕಿವಿ ಹೋದವ ಹೇಗೆ ಬರೆದಿದ್ದಾನೆ ಎಂದು ನಗೆಗೆ ಹೇಳಿದ್ದು. ಮೇಡಂ ನಗಲಿಲ್ಲ. ಎರಡು ಸಲ ಓದಿದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಕೇಳಿದರು: "ಇವರು ಎಣಿಸಿದ್ದಾರೆ. ನೀವು ಎಣಿಸಿದ್ದೀರಾ?"

ನಾನು ಎಣಿಸಿರಲಿಲ್ಲ. ಅಗೆಯುವವನಿಗೆ ಕಾಣುವುದು ಮುಖದ ಎದುರಿನ ಒಂದು ಮೊಳ ಗೋಡೆ. ಇವತ್ತಿನ ಗೋಡೆ ನಿನ್ನೆಯದ್ದಕ್ಕಿಂತ ಬೆರಳಷ್ಟು ಎಡಕ್ಕೆ ಸರಿದರೆ ಅವನಿಗೆ ಹೇಗೆ ತಿಳಿಯಬೇಕು?

ಆ ತಂಡದಲ್ಲಿ ಪೂಜಿತಾ ಎಂದು ಒಬ್ಬಳಿದ್ದಾಳೆ. ಹತ್ತೊಂಬತ್ತು ವರ್ಷ, ದೇವಕಿಯಕ್ಕನ ಮನೆಯಿಂದ ಮೂರನೇ ಮನೆಯವಳು. ನನ್ನ ಬೈಗುಳಕ್ಕೆ ಎದುರು ಮಾತಾಡುವವಳು ಅವಳೊಬ್ಬಳೇ. ಅವಳು ಹೇಳಿದಳು, ಕಾಗದದ ಅಜ್ಜನ ಹೆಜ್ಜೆ ಎಂದರೆ ರಸ್ತೆಯಲ್ಲಿ ನಡೆಯುವ ಹೆಜ್ಜೆಯಲ್ಲ, ಬಗ್ಗಿಕೊಂಡು ಹೊರೆ ಹೊತ್ತ ಹೆಜ್ಜೆ, ಅದು ಎಷ್ಟು ಉದ್ದ ಎಂದು ಮೊದಲು ಗೊತ್ತಾಗಬೇಕು. ಅಂಗಳದಲ್ಲಿ ಎರಡಡಿ ಅಗಲಕ್ಕೆ ಹಗ್ಗ ಎಳೆದರು. ಅಕ್ಷಿತ್ ಎಂಬ ಹುಡುಗ ನಿನ್ನಷ್ಟೇ ಎತ್ತರ. ಅವನ ತಲೆಗೆ ಮಣ್ಣು ತುಂಬಿದ ಬುಟ್ಟಿ ಇಟ್ಟು, ಕಣ್ಣಿಗೆ ಬಟ್ಟೆ ಕಟ್ಟಿ, ಬಗ್ಗಿಸಿ ನಡೆಸಿದರು. ಇಪ್ಪತ್ತು ಸಲ. ಹೆಜ್ಜೆಗೆ ಒಂದು ಅಡಿ ಮೂರು ಇಂಚು ಬಂತು. ಇಪ್ಪತ್ತನೇ ಸಲಕ್ಕೆ ಅವನು ಬುಟ್ಟಿ ಕೆಳಗಿಟ್ಟು, ಕುತ್ತಿಗೆ ಹಿಡಿದುಕೊಂಡು, "ಇದನ್ನು ಅವರು ದಿನಕ್ಕೆ ಅರವತ್ತು ಸಲ ಮಾಡ್ತಿದ್ರಾ ಅಜ್ಜ?" ಎಂದು ಕೇಳಿದ. ಹೌದು ಎಂದೆ.

ಆ ಅಳತೆಯ ಹಗ್ಗ ಹಿಡಿದು ಗುಡ್ಡೆ ಹತ್ತಿದರು. ನಾನೂ ಹೋದೆ. ನೀನು ಹೇಳಿದ ಅಷ್ಟೂ ಹೆಜ್ಜೆ ಮುಗಿದಲ್ಲಿ, ರಬ್ಬರು ಮರಗಳ ನಡುವೆ, ಕೊಪ್ಪರಿಗೆಯಂತೆ ಕುಸಿದ ಗುಂಡಿ ಇತ್ತು. ಮೇ ತಿಂಗಳಿನಲ್ಲಿ ಅದರ ಮಣ್ಣು ಒದ್ದೆ. ನಿಂತು ಕೆಳಗೆ ನೋಡಿದರೆ ಶಾಲೆಯ ಮಾಡಿನ ಹಂಚು ಒಂದೊಂದಾಗಿ ಎಣಿಸಬಹುದು.

ಮಣ್ಣು ಹೊರುವವನಿಗೆ ಎಂತ ಗೊತ್ತು, ನಿನ್ನ ಬುಟ್ಟಿ ನೀನು ನೋಡಿಕೊ ಎಂದು ಅವತ್ತು ನೀನು ಪೈಪಿನ ವಿಷಯ ತೆಗೆದಾಗ ಹೇಳಿದ್ದೆ. ನೀನು ಬರೆಸಲಿಲ್ಲ, ನಾನೇ ಬರೆದಿದ್ದೇನೆ. ಇದರ ಮೇಲೆ ಎಂತ ಬರೆಯಬೇಕೆಂದು ನನಗೆ ಗೊತ್ತಾಗುವುದಿಲ್ಲ.

ನಕ್ಷೆ ಬದಲಿಸಿ ಎಂದೆ. ಬದಲಿಸಿದರು. ಇನ್ನು ಜನ ಶಾಲೆಗಲ್ಲ, ನೀರು ಹರಿಯುವ ತೋಡಿನ ಆಚೆಯ ಹಾಲಿನ ಸೊಸೈಟಿಗೆ ಹೋಗಬೇಕು. ಸುರಂಗದ ಬಾಯಿ ತೆಗೆಯೋಣ ಎಂದೆ. ತಿಳಿದವರು ಬಂದು ನೋಡದೆ ಪಿಕ್ಕಾಸು ಮುಟ್ಟುವ ಹಾಗಿಲ್ಲ, ಒಳಗಿನ ನೀರು ಒಮ್ಮೆಲೇ ನುಗ್ಗಿದರೆ ಮನೆಗಳೇ ಹೋಗುತ್ತವೆ ಎಂದರು ಮೇಡಂ. ಅರ್ಜಿ ಕಳಿಸಿದ್ದಾರೆ.

ಸುಂದರ


ಅರಂತೋಡು
3-6-2025

ಸುಂದರಣ್ಣ,

ಕಾಗದ ಓದಿದೆ. ಆ ಹುಡುಗನ ಕುತ್ತಿಗೆಗೆ ಎಣ್ಣೆ ಹಚ್ಚಿಸಿ.

ನೀವು ಬರೆದ ಮಾತಿಗೆ ಈಗ ಉತ್ತರ ಬೇಡ. ಇಪ್ಪತ್ತೆರಡು ವರ್ಷ ಇದ್ದದ್ದು ಇನ್ನೂ ಸ್ವಲ್ಪ ದಿನ ಇರಲಿ.

ಒಂದು ವಿಷಯ ಮಾತ್ರ. ನಕ್ಷೆ ಬದಲಾಯಿತು ಎಂದು ಬರೆದಿರಿ. ಹನ್ನೊಂದು ಮನೆಗೆ ಹೋಗಿ ಬಂದೆ ಎಂದು ಬರೆಯಲಿಲ್ಲ. ಆ ಜನ ನಕ್ಷೆ ನೋಡಿ ಶಾಲೆಗೆ ಒಪ್ಪಿದವರಲ್ಲ, ನಿಮ್ಮ ಮುಖ ನೋಡಿ ಒಪ್ಪಿದವರು. ಬೇರೆ ಯಾರು ಹೇಳಿದರೂ ಕೇಳಬೇಡಿ ಎಂದು ನೀವೇ ಹೇಳಿಟ್ಟಿದ್ದೀರಿ. ಅದನ್ನು ತೆಗೆಯಲು ನಿಮ್ಮಿಂದಲೇ ಆಗಬೇಕು. ಮಳೆ ಜೋರಾಗುವ ಮೊದಲು ಹೋಗಿ ಬನ್ನಿ.

ಅಬ್ದುಲ್ ರಹ್ಮಾನ್


ನೇರಳಡ್ಕ
15-6-2025

ಅದ್ರಾಮ,

ನೀನು ಅಲ್ಲಿ ಕೂತು ನನಗೆ ಬುದ್ಧಿ ಹೇಳುವುದು ಸುಲಭ.

ಕಳೆದ ವಾರ ಅಣಕು ಪ್ರದರ್ಶನ ಮಾಡಿದರು. ವಿಷಲ್ ಊದಿ ಹತ್ತೊಂಬತ್ತು ನಿಮಿಷದಲ್ಲಿ ಎಲ್ಲರನ್ನೂ ಹಾಲಿನ ಸೊಸೈಟಿಗೆ ಮುಟ್ಟಿಸಿದರು. ಒಂದು ದನವನ್ನೂ ತಂದರು. ಮೇಡಂ ಬೈದರು, ಮೊದಲು ಜನ ಎಂದು. ದೇವಕಿಯಕ್ಕ ಇರಲಿಲ್ಲ, ಕಡಬದಲ್ಲಿ ಮಗಳ ಮನೆಗೆ ಹೋಗಿದ್ದಳು. ಮಕ್ಕಳು ಮನೆಮನೆಗೆ ಚೀಟಿ ಕೊಟ್ಟಿದ್ದಾರೆ, ಶಾಲೆಯ ಗೇಟಿಗೆ ಹಗ್ಗ ಕಟ್ಟಿ ಬೋರ್ಡು ಹಾಕಿದ್ದಾರೆ. ಎಲ್ಲ ಆಗಿದೆ.

ಮಕ್ಕಳು ಮನೆಗಳನ್ನು ಹಂಚಿಕೊಂಡಾಗ ದೇವಕಿಯಕ್ಕನ ಮನೆ ಪೂಜಿತಾಳ ಪಾಲಿಗೆ ಬಂದಿದೆ. ಅವಳು ಹೋಗಿ ಹೊಸ ಜಾಗ ಹೇಳಿದಳಂತೆ. ದೇವಕಿಯಕ್ಕ ಆಗಲಿ ಎಂದು ತಲೆ ಅಲ್ಲಾಡಿಸಿ, ಸುಂದರ ಬಂದು ಒಂದು ಮಾತು ಹೇಳಲಿ ಎಂದಳಂತೆ. ಪೂಜಿತಾ ನನ್ನನ್ನು ಕರೆಯಲು ಬಂದಳು. ಮೊಣಕಾಲು ನೋವು, ಏರು ಹತ್ತಲಿಕ್ಕಾಗುವುದಿಲ್ಲ, ನೀನೇ ಸರಿಯಾಗಿ ಹೇಳಿ ಬಾ ಎಂದೆ. ಹೋದಳು.

ಮಳೆ ಹಿಡಿದಿದೆ. ನುಸೈಬಾಳಿಗೆ ಹೇಳು, ಅಕ್ಷರ ಚೆನ್ನಾಗಿದೆ.

ಸುಂದರ


ನೇರಳಡ್ಕ
26-7-2025

ಅದ್ರಾಮ,

ಸಲಾಂ ಹೇಳಿರಬಹುದು. ಆದರೂ ನಾನೇ ಬರೆಯಬೇಕು.

ಈ ತಿಂಗಳ ಹತ್ತೊಂಬತ್ತಕ್ಕೆ ಗುಡ್ಡೆ ಬಂತು. ಮಳೆ ಎರಡು ದಿನ ಬಿಡದೆ ಹೊಡೆದಿತ್ತು. ಬೆಳಿಗ್ಗೆ ಏಳು ಗಂಟೆಗೆ ಅಕ್ಷಿತ್ ಶಾಲೆಯ ಹಿಂದೆ ಹೋಗಿ ನೋಡಿದಾಗ ಗುಡ್ಡೆ ಕಡಿದ ಬರೆಯ ಬುಡದಿಂದ ಕೆಂಪು ನೀರು ಚಿಮ್ಮುತ್ತಿತ್ತಂತೆ. ಕಲಿಸಿದ ಹಾಗೆಯೇ ಮೂರು ಸಲ ವಿಷಲ್ ಊದಿದ. ಮಕ್ಕಳು ತಮ್ಮ ತಮ್ಮ ಮನೆಗೆ ಓಡಿದರು. ಯಾರೂ ಕಿರುಚಲಿಲ್ಲ, ಯಾರೂ ಬಿದ್ದು ಗಾಯ ಮಾಡಿಕೊಳ್ಳಲಿಲ್ಲ. ಎರಡು ತಿಂಗಳ ಬಾಣಂತಿಯನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಬಂದರು. ಅದನ್ನು ನಾನು ಕಣ್ಣಾರೆ ನೋಡಿದೆ.

ಸೊಸೈಟಿಯಲ್ಲಿ ತಲೆ ಎಣಿಸಿದರು. ಟ್ಯಾಪಿಂಗಿಗೆ ಹೋದ ಧರ್ಮಪಾಲ ಓಡಿ ಬಂದು ಸೇರಿದ ಮೇಲೂ ಮೂವತ್ತೇಳು. ಪುನಃ ಎಣಿಸಿದರು, ಮೂವತ್ತೇಳು. ಪೂಜಿತಾ ದೇವಕಿಯಕ್ಕನ ಮನೆಗೆ ಹೋದಾಗ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು, ಕರೆದರೆ ಉತ್ತರವಿಲ್ಲ. ಆಚೆ ಮನೆಯವರ ಜೊತೆ ಹೊರಟಿರಬೇಕು ಎಂದುಕೊಂಡು ಅವಳು ಮುಂದಿನ ಮನೆಯ ಮಕ್ಕಳನ್ನು ಎತ್ತಿಕೊಂಡು ಬಂದಿದ್ದಳು. ಎರಡನೇ ಸಲ ಎಣಿಸಿ ಮುಗಿಯುವಾಗ ಸದ್ದು ಕೇಳಿತು. ಲಾರಿಯಿಂದ ಕಲ್ಲು ಸುರಿದ ಹಾಗೆ. ಆದರೆ ಲಾರಿ ಖಾಲಿಯಾಗುತ್ತದೆ, ಇದು ನಿಲ್ಲಲಿಲ್ಲ. ನಿಂತ ಮೇಲೆ ನೋಡಿದರೆ ಶಾಲೆ ಇದ್ದಲ್ಲಿ ಶಾಲೆ ಇಲ್ಲ. ಹನ್ನೊಂದು ಮನೆಗಳಲ್ಲಿ ಎರಡರ ಅಡಿಗೆಕೋಣೆ ಹೋಯಿತು, ಅಷ್ಟೇ.

ಪೂಜಿತಾ ಶಾಲೆಯ ಕಡೆಗೆ ಓಡಿದಳು. ಯಾರೂ ಹೇಳದೆಯೇ ಅವಳಿಗೆ ಗೊತ್ತಾಗಿತ್ತು. ಅಕ್ಷಿತ್ ಅವಳನ್ನು ಹಿಡಿದು ನಿಲ್ಲಿಸಿದ. ಮೇಲಿನಿಂದ ಇನ್ನೊಮ್ಮೆ ಬರಬಹುದು, ಗುಡ್ಡೆ ನೋಡಲು ಜನ ನಿಲ್ಲಿಸದೆ ಯಾರೂ ಮಣ್ಣಿಗೆ ಇಳಿಯಬಾರದು ಎಂದು ಅವರಿಗೆ ಕಲಿಸಿದ್ದರು. ಅವಳು ಎಷ್ಟು ಎಳೆದರೂ ಬಿಡಲಿಲ್ಲ.

ಮಧ್ಯಾಹ್ನ ಎರಡು ಗಂಟೆಗೆ ದೇವಕಿಯಕ್ಕ ಮಣ್ಣಿನ ಅಡಿಯಲ್ಲಿ ಸಿಕ್ಕಿದಳು. ಗೇಟಿನ ಹಗ್ಗದ ಅಡಿಯಿಂದ ನುಸುಳಿ ಒಳಗೆ ಹೋಗಿ ಬೆಂಚಿನಲ್ಲಿ ಕೂತಿದ್ದಳು ಎಂದು ಕಾಣುತ್ತದೆ. ಕೈಯಲ್ಲಿ ಚೀಲವಿತ್ತು. ಮಾತ್ರೆ, ರೇಷನ್ ಕಾರ್ಡು, ಟಾರ್ಚು, ಒಂದು ಸೀರೆ. ತೆಗೆದುಕೊಂಡು ಹೋಗಬೇಕು ಎಂದದ್ದನ್ನೆಲ್ಲ ಸರಿಯಾಗಿ ತೆಗೆದುಕೊಂಡಿದ್ದಳು.

ನೀನು ಜೂನಿನಲ್ಲೇ ಬರೆದಿದ್ದೆ. ನಾನು ಹೋಗಲಿಲ್ಲ. ನಾನು ಹೇಳಿದ ಮಾತನ್ನು ಅವಳು ಇಟ್ಟುಕೊಂಡಳು. ಅವಳ ಗಂಜಿಯ ಋಣ ನನ್ನ ಮೇಲಿತ್ತು, ನಾನು ಅವಳನ್ನು ಕಳಿಸಿದ್ದು ಅಲ್ಲಿಗೆ. ಊಟ ಸೇರುವುದಿಲ್ಲ. ಜನ ಬಂದು, ಸುಂದರಣ್ಣ ಇಲ್ಲದಿದ್ದರೆ ಸುರಂಗದ ವಿಷಯವೇ ಗೊತ್ತಾಗುತ್ತಿರಲಿಲ್ಲ, ಮೂವತ್ತೇಳು ಜೀವ ಉಳಿಯಿತು ಎನ್ನುತ್ತಾರೆ. ಪಂಚಾಯತಿನವರು ಶಾಲು ಹಾಕುತ್ತಾರಂತೆ. ನನಗೆ ಆ ಶಾಲು ಬೇಡ, ಮಾತೂ ಬೇಡ. ಬಾಗಿಲು ಹಾಕಿಕೊಂಡು ಕೂತಿದ್ದೇನೆ.

ಸುಂದರ


ಅರಂತೋಡು
4-8-2025

ಸುಂದರಣ್ಣ,

ದೇವಕಿಯಕ್ಕನ ಕೈಯ ಗಂಜಿ ನಾನೂ ಉಂಡಿದ್ದೇನೆ. ಅವಳಿಗಾಗಿ ದುವಾ ಮಾಡಿದೆ.

ನಿಮ್ಮ ಕಾಗದದ ಕೊನೆಯ ಭಾಗ ಪೂರ್ತಿ ನಿಮ್ಮ ವಿಷಯ. ಅವಳನ್ನು ಕರೆತರಬೇಕಾಗಿದ್ದ ಹುಡುಗಿ ಈಗ ಎಲ್ಲಿದ್ದಾಳೆ? ಅವಳ ಹತ್ತಿರ ಯಾರು ಕೂತಿದ್ದಾರೆ? ಬಾಗಿಲು ತೆಗೆದು ಹೋಗಿ.

ಅಬ್ದುಲ್ ರಹ್ಮಾನ್


ನೇರಳಡ್ಕ
20-8-2025

ಅದ್ರಾಮ,

ನಿನ್ನ ಕಾಗದ ಬಂದ ದಿನವೇ ಹೋದೆ.

ಪೂಜಿತಾ ಅವತ್ತಿನಿಂದ ತರಬೇತಿಗೆ ಹೋಗಿರಲಿಲ್ಲ. ಪುತ್ತೂರಿನಲ್ಲಿ ಮುಂದಿನ ತರಬೇತಿಗೆ ಅವಳ ಹೆಸರು ಬಂದಿತ್ತು, ಬೇಡ ಎಂದು ಕಳಿಸಿದ್ದಳು. ಅವಳ ತಾಯಿ ನನ್ನನ್ನು ಕಂಡು ಒಳಗೆ ಹೋದರು. ಹಿಂದಿನ ಜಗಲಿಯಲ್ಲಿ ಒಬ್ಬಳೇ ಕೂತಿದ್ದಳು. ನನ್ನ ಮುಖ ನೋಡದೆ ಹೇಳಿದಳು: "ಚಿಲಕ ಹಾಕಿತ್ತು ಅಂತ ಬಂದುಬಿಟ್ಟೆ ಅಜ್ಜ. ಶಾಲೆ ಹತ್ರ ಒಂದ್ಸಲ ಓಡಿ ನೋಡ್ಬೇಕಿತ್ತು."

ಓಡಿದ್ದರೆ ನೀನೂ ಇರುತ್ತಿರಲಿಲ್ಲ ಎಂದೆ. ಅದು ಅವಳಿಗೆ ತಾಗಲಿಲ್ಲ. ಆಗ ಇದ್ದದ್ದನ್ನು ಹೇಳಿದೆ. ಮಾರ್ಚಿನಲ್ಲಿ ದೇವಕಿಯಕ್ಕನ ಜಗಲಿಯಲ್ಲಿ ಕೂತು ನಾನು ಹೇಳಿದ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ, ಬೇರೆಯವರು ಹೇಳಿದರೆ ಕೇಳಬೇಡಿ ಎಂದದ್ದನ್ನೂ. ಅದು ಅವಳಿಗೆ ಗೊತ್ತಿರಲಿಲ್ಲ. ಅಷ್ಟು ಹೊತ್ತಿಗೆ ನನ್ನ ಕಡೆ ತಿರುಗಿದಳು.

"ಜೂನಿನಲ್ಲಿ ನಿಮ್ಮನ್ನು ಎಷ್ಟು ಸಲ ಕರೆದೆ?"

"ಮೂರು ಸಲ."

ನಿನಗೆ ಒಂದೇ ಸಲ ಎನ್ನುವ ಹಾಗೆ ಬರೆದಿದ್ದೆ. ಮೂರು ಸಲ ಬಂದಿದ್ದಳು.

"ಮೊಣಕಾಲು ನೋವು ಇತ್ತಾ ನಿಮಗೆ?"

"ಇರ್ಲಿಲ್ಲ."

ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಬೈದಳು. ಅಷ್ಟು ಬೈಗುಳ ನಾನು ನನ್ನ ಜೀವಮಾನದಲ್ಲಿ ಕೇಳಿಲ್ಲ, ಹೇಳಿರಬಹುದು. ತಾಯಿ ಓಡಿ ಬಂದು ಬಾಯಿ ಮುಚ್ಚು ಎಂದರು. ಬೇಡ, ಬಿಡಿ ಎಂದೆ. ಬೈದು ಮುಗಿದ ಮೇಲೆ ಅವಳಿಗೆ ಉಸಿರು ಬಂದ ಹಾಗೆ ಕಂಡಿತು. "ಧರ್ಮಪಾಲಣ್ಣನಿಗೆ ಹೇಳಿದ್ದೀರಾ?" ಎಂದು ಕೇಳಿದಳು. ಇಲ್ಲ ಎಂದೆ. ಎದ್ದು ಚಪ್ಪಲಿ ಹಾಕಿಕೊಂಡಳು.

ಇಬ್ಬರೂ ಏರು ಹತ್ತಿದೆವು. ಧರ್ಮಪಾಲ ಅಂಗಳದಲ್ಲಿ ಕೂತು ಟ್ಯಾಪಿಂಗ್ ಕತ್ತಿ ಮಸೆಯುತ್ತಿದ್ದ. ನಾನು ನಿಂತುಕೊಂಡೇ ಹೇಳಿದೆ. ಸುರಂಗದ ದಿಕ್ಕು ತಪ್ಪು ಹೇಳಿದ್ದು, ಶಾಲೆ ಹೇಳಿದ್ದು, ತಪ್ಪು ಎಂದು ಗೊತ್ತಾದ ಮೇಲೂ ದೇವಕಿಯಕ್ಕನ ಎದುರು ಬಂದು ಹೇಳಲು ನಾಚಿಕೆಯಾಗಿ ಮಕ್ಕಳನ್ನು ಕಳಿಸಿದ್ದು. ಪೂಜಿತಾಳದ್ದು ಏನೂ ತಪ್ಪಿಲ್ಲ ಎಂದು ಎರಡು ಸಲ ಹೇಳಿದೆ. ಅವನು ಮಸೆಯುವುದನ್ನು ನಿಲ್ಲಿಸಿದ್ದ.

"ಅಮ್ಮ ನಿಮ್ಮ ಮಾತು ಕೇಳಿ ಹೋದದ್ದು ಅಂತ ನನಗೆ ಅವತ್ತೇ ಗೊತ್ತಾಗಿದೆ," ಎಂದ. "ನೀವು ಬರ್ತೀರಾ ಇಲ್ವಾ ಅಂತ ನೋಡ್ತಿದ್ದೆ."

ಕೂರಿ ಎನ್ನಲಿಲ್ಲ. ಹೋಗಿ ಎಂದೂ ಎನ್ನಲಿಲ್ಲ. ಪೂಜಿತಾಳ ಕಡೆ ನೋಡಿ, ಪುತ್ತೂರಿಗೆ ಯಾವತ್ತು ಹೋಗುದು ಎಂದು ಕೇಳಿದ. ಬೆಳಿಗ್ಗೆ ಮೊದಲ ಜೀಪಿಗೆ ನಾನು ಕಡಬದ ತನಕ ಬರುತ್ತೇನೆ, ಅಲ್ಲಿಂದ ಬಸ್ಸು ಸಿಗುತ್ತದೆ ಎಂದ. ಆಗ ಅವಳು ಅತ್ತಳು. ನಾನು ಅಂಗಳದಲ್ಲಿ ನಿಂತೇ ಇದ್ದೆ. ನನ್ನ ಹತ್ತಿರ ಅವನು ಮತ್ತೆ ಮಾತಾಡಲಿಲ್ಲ. ಇನ್ನು ಮುಂದೆ ಮಾತಾಡುತ್ತಾನೋ ಇಲ್ಲವೋ ಗೊತ್ತಿಲ್ಲ. ಕೇಳುವ ಹಕ್ಕು ನನಗಿಲ್ಲ.

ಉಳಿದ ಮನೆಗಳಿಗೂ ಹೋಗಿ ಹೇಳಿದೆ. ಕೆಲವರು ಬಿಡಿ ಸುಂದರಣ್ಣ, ಆದದ್ದಾಯಿತು ಎಂದರು. ಬಿಡುವುದಿಲ್ಲ ಎಂದೆ. ಪಂಚಾಯತಿಗೆ ಹೋಗಿ ಶಾಲು ಬೇಡವೆಂದು, ಯಾಕೆಂದೂ ಹೇಳಿ ಬಂದೆ. ಪೂಜಿತಾ ಸೋಮವಾರ ಪುತ್ತೂರಿಗೆ ಹೋಗಿದ್ದಾಳೆ. ಭಾವನಾ ಮೇಡಂ ಇದನ್ನೆಲ್ಲ ಬರೆದುಕೊಂಡರು. ತಪ್ಪು ಹೇಳಿದವನೇ ಹೋಗಿ ಸರಿ ಹೇಳಬೇಕು ಎಂದು ಇನ್ನು ಮುಂದಿನ ತರಬೇತಿಯಲ್ಲಿ ಮೊದಲೇ ಹೇಳಿಕೊಡುತ್ತಾರಂತೆ. ಹೆಸರು ಹಾಕಬೇಕಾ ಎಂದು ಕೇಳಿದರು. ಹಾಕಿ ಎಂದೆ.

ಈಗ ನಿನ್ನಲ್ಲಿ ಕೇಳುವುದಿದೆ. ನಾವು ಮಾಡಿದ ಸುರಂಗಗಳಲ್ಲಿ ಇನ್ನೂ ಐದರ ಬಾಯಿಯನ್ನು ನಾನೇ ಮುಚ್ಚಿದ್ದೇನೆ. ಎಲ್ಲವೂ ಪೈಪು ಇಡದೆ ಮುಚ್ಚಿದವು. ಮೇಡಂ ಮಕ್ಕಳನ್ನು ಕರೆದುಕೊಂಡು ಒಂದೊಂದಾಗಿ ನೋಡಲು ಹೊರಟಿದ್ದಾರೆ. ಮೊದಲನೆಯದು ಕಡಬದ ದಾರಿಯಲ್ಲಿರುವುದು. ಅದರ ಕೆಳಗೆ ಏಳು ಮನೆ ಎದ್ದಿದೆ. ಅಕ್ಷಿತನ ಅಪ್ಪನ ಜೀಪು ಭಾನುವಾರ ಬೆಳಿಗ್ಗೆ ಅರಂತೋಡಿಗೆ ಬರುತ್ತದೆ. ನುಸೈಬಾಳನ್ನೂ ಕರೆದುಕೊಂಡು ಬಾ, ನಿನ್ನ ಕಿವಿಗೆ ಅವಳು ಬೇಕಾಗುತ್ತದೆ. ಬರಲು ಮನಸ್ಸಿಲ್ಲದಿದ್ದರೆ ಆ ಐದರ ಹೆಜ್ಜೆಯ ಲೆಕ್ಕ ಬರೆದು ಕಳಿಸಿದರೂ ಸಾಕು. ನಾನು ಕೋಪ ಮಾಡಿಕೊಳ್ಳುವುದಿಲ್ಲ.

ನಿನ್ನೆ ಆ ಏಳು ಮನೆಯವರು ದಾರಿಯಲ್ಲಿ ನನ್ನನ್ನು ನಿಲ್ಲಿಸಿ ಕೇಳಿದರು, ಸುರಂಗ ಯಾವ ಕಡೆ ಹೋಗಿದೆ, ನಾವು ಎಲ್ಲಿಗೆ ಓಡಬೇಕು ಎಂದು. ನನಗೆ ಒಂದು ಉತ್ತರ ನೆನಪಿಗೆ ಬಂತು, ಅದನ್ನು ಹೇಳಲಿಲ್ಲ. ಗೊತ್ತಿಲ್ಲ, ಗೊತ್ತಿರುವವರು ಭಾನುವಾರ ಬರುತ್ತಾರೆ ಎಂದೆ.

ದಾರಿ ನೋಡುತ್ತಿರುವ
ಸುಂದರ